ವೆನ್ಯೂ ಅಂದರೆ ಛತ್ರವಾ, ಊರಾ?

*ಮಗಳ ಮದುವೆ ಕಾರ್ಡಿನ ಪ್ರೂಫ್ ಬಂದಿದೆ. ಕನ್ನಡದ ಪುಟದಲ್ಲೂ ‘ವೆನ್ಯೂ’ ಅಂತಲೇ ಹಾಕಿದ್ದಾರೆ. ನಮ್ಮ ಭಾವ ಅದು ಕೋರ್ಟಿನ ಪದ, ಬೇಡ ಅಂತಾರೆ. ಬೀಗರು ಇರಲಿ ಅಂತಾರೆ. ವೆನ್ಯೂ ಅಂದರೆ ಛತ್ರವಾ, ಊರಾ? ಕನ್ನಡದಲ್ಲಿ ಏನು ಹಾಕಿಸಲಿ?*
*– ಶಿವಮೊಗ್ಗದ ಓದುಗರೊಬ್ಬರು*

ಮೊದಲಿಗೆ, ಮಗಳ ಮದುವೆಗೆ ಶುಭಾಶಯ.

ನಿಮ್ಮ ಭಾವನವರು ಸುಮ್ನೆ ಹೇಳಿಲ್ಲ. ಹಳೇ ಫ್ರೆಂಚಿನಲ್ಲಿ ಈ ಪದಕ್ಕೆ ‘ಬರುವುದು’ ಅಂತ ಅರ್ಥ. ಅವೆನ್ಯೂ, ರೆವೆನ್ಯೂ ಎರಡೂ ಇದರ ದಾಯಾದಿಗಳೇ. ರೆವೆನ್ಯೂ ಅಂದರೆ ಮೂಲದಲ್ಲಿ ತಿರುಗಿ ಬಂದದ್ದು. (ಕಂದಾಯ ಕಟ್ಟುವವರಿಗೆ ಹಾಗನ್ನಿಸುವುದಿಲ್ಲ, ಬಿಡಿ.) ಇಂಗ್ಲಿಷ್ ಕಾನೂನಿಗೆ ಬಂದ ಮೇಲೆ ಅದು ಜ್ಯೂರಿಯನ್ನು (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ತಂಡವನ್ನು) ಕರೆಸುವ, ಮೊಕದ್ದಮೆ ನಡೆಸುವ ಸೀಮೆಯ ಹೆಸರಾಯಿತು. ಸಭೆ, ಸಂಗೀತ ಕಛೇರಿ, ಮದುವೆಗೆಲ್ಲ ಹಬ್ಬಿದ್ದು ಆಮೇಲೆ. ಅಮೆರಿಕದ ಕೋರ್ಟುಗಳಲ್ಲಿ ಈಗಲೂ ‘ಚೇಂಜ್ ಆಫ್ ವೆನ್ಯೂ’ ಕೇಳುತ್ತಾರೆ. ನಮ್ಮಲ್ಲಿ ಅದಕ್ಕೆ ಕೇಸಿನ ವರ್ಗಾವಣೆ ಅನ್ನುತ್ತೇವೆ. ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಚೆನ್ನೈನಿಂದ ಬೆಂಗಳೂರಿಗೆ ಕಳಿಸಿತ್ತು. 2014ರಲ್ಲಿ ವಿಶೇಷ ಕೋರ್ಟಿನ ತೀರ್ಪು ಬಂದದ್ದು ಪರಪ್ಪನ ಅಗ್ರಹಾರದಲ್ಲಿ.

ಇನ್ನು ಛತ್ರವಾ, ಊರಾ ಅನ್ನೋದು. ವೆನ್ಯೂ ಅನ್ನೋದು ಕಟ್ಟಡದ ಜಾತಿಯಲ್ಲ, ಅದಕ್ಕೆ ಬರುವ ಪಾತ್ರ. ಜನ ಸೇರುವುದು ಎಲ್ಲೋ, ಅದೇ ವೆನ್ಯೂ. ಛತ್ರವೂ ಆಗಬಹುದು, ಮೈದಾನವೂ ಆಗಬಹುದು, ನಿಮ್ಮ ಮನೆ ಮುಂದಿನ ಚಪ್ಪರವೂ ಆಗಬಹುದು. ಕ್ರಿಕೆಟ್‌ನವರು ಊರಿಗೂ ಹೇಳುತ್ತಾರೆ. 2025ರ ಚಾಂಪಿಯನ್ಸ್ ಟ್ರೋಫಿಗೆ ಆತಿಥೇಯ ದೇಶ ಪಾಕಿಸ್ತಾನ, ಭಾರತದ ಪಂದ್ಯಗಳ ವೆನ್ಯೂ ಮಾತ್ರ ದುಬೈ. ಆತಿಥೇಯರೇ ಬೇರೆ, ಆಟದ ತಾಣವೇ ಬೇರೆ. ಛತ್ರ ಬಾಡಿಗೆಗೆ ಕೊಡುವವರು ಈಗ ಕಟ್ಟಡಕ್ಕೇ ‘ವೆನ್ಯೂ’ ಅನ್ನುತ್ತಾರೆ, ಖಾಲಿ ಬಿದ್ದಿದ್ದರೂ. ನನಗೆ ಅದು ಅಷ್ಟಾಗಿ ಹಿಡಿಸದು. ‘ವೆನ್ಯೂ ಪ್ಲೇಸ್’ ಅಂತೂ ‘ಗೇಟ್ ಬಾಗಿಲು’ ಅಂದ ಹಾಗೆ.

ಕನ್ನಡದ ಪುಟಕ್ಕೆ ‘ಸ್ಥಳ’ ಸಾಕು. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಲ್ಲ ಕಾರ್ಡಿನಲ್ಲೂ ಅದೇ ಇರುತ್ತದೆ, ಅಲ್ವಾ? ‘ವೇದಿಕೆ’ ಬೇಡ. ಅದು ವಧೂವರರು ನಿಲ್ಲುವ ಜಾಗ, ಬಂದವರೆಲ್ಲ ಅಲ್ಲಿಗೇ ಹತ್ತಿಬಿಟ್ಟರೆ ಕಷ್ಟ. ‘ತಾಣ’ ಆಟಕ್ಕೆ, ಪ್ರವಾಸಕ್ಕೆ ಒಪ್ಪುತ್ತದೆ, ಮದುವೆ ಕಾರ್ಡಿಗೆ ಯಾಕೋ ಕೂರುವುದಿಲ್ಲ. ಬೀಗರಿಗೆ ಬೇಕಿದ್ದರೆ ಇಂಗ್ಲಿಷ್ ಪುಟದಲ್ಲಿ ವೆನ್ಯೂ ಇರಲಿ.

ಒಂದು ಮಾತು ಮಾತ್ರ. ಹಿಂದೊಮ್ಮೆ ನಮ್ಮದೇ ಪತ್ರಿಕೆಯಲ್ಲಿ ಒಂದು ಪುಸ್ತಕ ಬಿಡುಗಡೆಯ ಸೂಚನೆಗೆ ‘ಸ್ಥಳ: ಮೈಸೂರು’ ಅಂತಷ್ಟೇ ಅಚ್ಚಾಗಿಹೋಯಿತು. ಇಡೀ ಬೆಳಿಗ್ಗೆ ಫೋನ್. ಒಬ್ಬರಂತೂ ರೈಲಿಳಿದು ಸ್ಟೇಷನ್‌ನಿಂದಲೇ ಕೇಳಿದರು, “ಸ್ವಾಮಿ, ಮೈಸೂರಿಗೆ ಬಂದಿದ್ದೀನಿ, ಈಗ ಯಾವ ಕಡೆ?” ಪ್ರೂಫ್ ವಾಪಸ್ ಕೊಡುವ ಮುಂಚೆ ಛತ್ರದ ಹೆಸರಿನ ಕೆಳಗೆ ರಸ್ತೆ, ಹತ್ತಿರದ ಬಸ್ ಸ್ಟಾಪ್ ಎರಡೂ ಇವೆಯಾ ನೋಡಿ.

– ಸಂ.