ಲಾರಿ ಬ್ಯಾಟರಿ ಬೇಡ ಸರ್

ಟೆಂಪೊ ಟ್ರಾವೆಲರನ್ನೇ ಮನೆ ಮಾಡಿಕೊಂಡು ಹುಬ್ಬಳ್ಳಿಯಿಂದ ಹೊರಡಲಿದ್ದೀರಿ. ಫ್ರಿಜ್, ಫ್ಯಾನ್, ದೀಪಗಳಿಗೆ ಲಾರಿ ಬ್ಯಾಟರಿ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಾನು ಅದೇ ತಪ್ಪು ಮಾಡಿ, ಒಂದೇ ಬೇಸಿಗೆಯಲ್ಲಿ ಬ್ಯಾಟರಿಯನ್ನು ಗುಜರಿಗೆ ಹಾಕಿದವನು. ಲಾರಿಯದು ಎಂಜಿನ್ ಚಾಲೂ ಮಾಡುವ ಬ್ಯಾಟರಿ, ಅದರೊಳಗಿನ ಸೀಸದ ಫಲಕಗಳು ತೆಳು. ಕೆಲವೇ ಸೆಕೆಂಡು ಭಾರಿ ಕರೆಂಟ್ ಕೊಟ್ಟು ಸುಮ್ಮನಾಗುವುದು ಅದರ ಕಸುಬು. ರಾತ್ರಿಯಿಡೀ ಬಸಿದರೆ ಬೇಗ ಕೈಕೊಡುತ್ತದೆ.

12 ವೋಲ್ಟಿನ ಸಣ್ಣ ಫ್ರಿಜ್ ದಿನಕ್ಕೆ 45 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ತಿದೆ ಎಂಬುದರ ಅಳತೆ) ತಿನ್ನುತ್ತದೆ ಎಂದುಕೊಳ್ಳಿ. ಫ್ಯಾನು, ದೀಪಕ್ಕೆ ಇನ್ನೊಂದು 20. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಒಟ್ಟು 65ಕ್ಕೆ ಅದರ ಇಮ್ಮಡಿ, 130 ಬೇಕಾಯಿತು; ಆದ್ದರಿಂದ 150 ಆಂಪಿಯರ್-ಅವರ್‌ನದ್ದೇ ಕೊಳ್ಳಬೇಕು. ಏನೂ ಚಾಲೂ ಇಲ್ಲದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.1ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಮುಗಿದಿದೆ.

ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಬಾಳಿಕೆಯದು, ನಿಜ. ಆದರೆ ಎತ್ತರದ ಡಬ್ಬ. ಗದಗ ಕಡೆಯ ಹಳ್ಳಿ ರಸ್ತೆಗಳಲ್ಲಿ ಆಮ್ಲ ತುಳುಕುತ್ತದೆ, ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ. ನೀವು ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ. ಆಳವಾಗಿ ಬಳಸಲೆಂದೇ ಮಾಡಿದ ಸೀಲ್ ಆದ ಎಜಿಎಂ ಬ್ಯಾಟರಿ (ಆಮ್ಲವನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವುದು) ಕೊಳ್ಳಿ. ಎಂಜಿನ್ನಿನ ಶಾಖದಿಂದ ದೂರವಿಟ್ಟು, ಅಲುಗದಂತೆ ಪಟ್ಟಿ ಬಿಗಿಯಿರಿ, ಗಾಳಿ ಆಡಲು ದಾರಿ ಬಿಡಿ.

ಅಂಗಡಿಯಲ್ಲಿ ಬ್ರ್ಯಾಂಡ್ ಕೇಳುವ ಮೊದಲು ತಯಾರಾದ ತಿಂಗಳನ್ನು ನೋಡಿ. ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಕುಳಿತ ಬ್ಯಾಟರಿಯ ಫಲಕಗಳಿಗೆ ಸಲ್ಫೇಟಿನ ಪದರ ಕಟ್ಟಿ, ಚಾರ್ಜ್ ಹಿಡಿಯುವ ಶಕ್ತಿ ಕುಗ್ಗಿರುತ್ತದೆ. ಮೀಟರ್ ಹಚ್ಚಿ ತೋರಿಸಲು ಒಪ್ಪದ ಅಂಗಡಿಯಾದರೆ ಹಾಗೆಯೇ ಹೊರಗೆ ಬನ್ನಿ. ಅಂದಹಾಗೆ, ನಿಮ್ಮ ಚಾರ್ಜರಿನಲ್ಲಿ ಎಜಿಎಂ ಆಯ್ಕೆ ಇದೆಯೇ?