ಸೆಂಟರ್ ಇರುವ ಕಡೆಗೇ ಹೋಗು ತಂಗೀ

ತಂಗೀ, ಪೆರ್ಲದವಳು ಅಂತ ನೋಡಿದ ಕೂಡ್ಲೇ ಬರಿಲಿಕ್ಕೆ ಕೂತೆ, ನಮ್ಮದೂ ಕಾಸರಗೋಡು ಕಡೆಯೇ, ಬದಿಯಡ್ಕ. ಅಮೆರಿಕದಲ್ಲಿ ಪಿಎಚ್‌ಡಿಗೆ ಎರಡು ಕಡೆ ಸೀಟು ಸಿಕ್ಕಿದೆ, ಒಂದು ಬರೀ ಕೆಮಿಸ್ಟ್ರಿ ಲ್ಯಾಬ್, ಇನ್ನೊಂದು ಪರಿಸರ ಆರೋಗ್ಯದ ಸೆಂಟರ್ ಇರುವ ಯೂನಿವರ್ಸಿಟಿ, ಯಾವುದಕ್ಕೆ ಹೋಗ್ಲಿ, ಒಬ್ಬಳೇ ಇರ್ಲಿಕ್ಕೆ ಆಗ್ತದಾ ಅಂತ ಕೇಳಿದ್ದೀಯಲ್ಲ. ಇರ್ಲಿಕ್ಕೆ ಆಗ್ತದೆ. ಸ್ಟೈಪೆಂಡಲ್ಲಿ ದೊಡ್ಡ ಪಾಲು ಬಾಡಿಗೆಗೇ ಹೋಗ್ತದೆ, ಡ್ರೈವಿಂಗ್ ಕಲಿತು ಬಾ, ಉಳಿದದ್ದು ಅಭ್ಯಾಸ ಆಗ್ತದೆ. ಆದ್ರೆ ಸೆಂಟರ್ ಇರುವ ಕಡೆಗೇ ಹೋಗು.

ನಮ್ಮ ಊರಿನದ್ದೇ ನೋಡು. ಗೇರು ಗುಡ್ಡೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡ್ತಿದ್ದಾಗ ಕರುಗಳ ಕಾಲು ವಕ್ರ ಆಗ್ತದೆ ಅಂತ ಪತ್ರಕರ್ತ ಶ್ರೀಪಡ್ರೆಯವರು ಎಷ್ಟೋ ಮೊದಲೇ ಬರೆದಿದ್ರು, ಆಮೇಲೆ ಪಡ್ರೆ ಅನ್ನುವ ಊರಲ್ಲಿ ಡಾಕ್ಟರ್ ಮೋಹನ ಕುಮಾರ್ ರೋಗಿಗಳನ್ನು ನೋಡಿ ನೋಡಿ ಏನೋ ಸರಿ ಇಲ್ಲ ಅಂತ ಹೇಳಿದ್ರು, ಆದ್ರೂ ಸಿಂಪಡಣೆ ನಿಂತದ್ದು 2000ದಲ್ಲಿ. ತೋಡಿನ, ನೀರಿಗಾಗಿ ಗುಡ್ಡೆ ಕೊರೆದ ಸುರಂಗದ ನೀರು ಪರೀಕ್ಷೆ ಮಾಡುವವ್ರು, ಯಾರ ಮನೆಯಲ್ಲಿ ಯಾವ ಕಾಯಿಲೆ ಅಂತ ಲೆಕ್ಕ ಇಡುವವ್ರು, ವಿಷ ಮೈಯೊಳಗೆ ಎಂತ ಮಾಡ್ತದೆ ಅಂತ ಗೊತ್ತಿರುವವ್ರು ಎಲ್ಲ ಒಟ್ಟಿಗೆ ಆಗ ಅಲ್ಲಿ ಇದ್ದಿದ್ರೆ! ನೆನೆಸಿದ್ರೆ ಈಗ್ಲೂ ಹೊಟ್ಟೆ ಉರೀತದೆ.

ಇಲ್ಲಿ ಮಿಷಿಗನ್‌ನ ಫ್ಲಿಂಟ್ ಅಂತ ಊರು, 2014ರಲ್ಲಿ ನಲ್ಲಿಗೆ ಹೊಳೆ ನೀರು ಬಿಟ್ರು, ಪೈಪು ತಿನ್ನದ ಹಾಗೆ ಹಾಕ್ಬೇಕಾದ ಕೆಮಿಕಲ್ ಹಾಕ್ಲಿಲ್ಲ, ಸೀಸ ನೀರಿಗೆ ಬಂತು. ಮಾರ್ಕ್ ಎಡ್ವರ್ಡ್ಸ್ ಅನ್ನುವ ಇಂಜಿನಿಯರ್ ತಂಡ ಮನೆಮನೆಯ ನೀರು ನೋಡಿತು, ಮಕ್ಕಳ ಡಾಕ್ಟರ್ ಮೋನಾ ಹನ್ನಾ ಅಟೀಶಾ ಮಕ್ಕಳ ರಕ್ತದ ಸೀಸ ನೋಡಿದ್ರು. ಪಿನ್‌ಕೋಡ್ ಪ್ರಕಾರ ಲೆಕ್ಕ ಹಾಕಿದ್ರೆ ಆ ನೀರು ಕುಡಿಯದ ಮನೆಗಳೂ ಸೇರಿ ವಿಷಯವೇ ಮುಚ್ಚಿ ಹೋಗ್ತಿತ್ತು, ಭೂಗೋಳದ ರಿಕ್ ಸ್ಯಾಡ್ಲರ್ ಮನೆ ವಿಳಾಸವನ್ನೇ ಮ್ಯಾಪಿಗೆ ಹಾಕಿದ್ಮೇಲೆ ಹೊರಗೆ ಬಂತು. 2015ರ ಅಕ್ಟೋಬರಲ್ಲಿ ಹೊಳೆ ನೀರು ನಿಲ್ಲಿಸಿ ವಾಪಸ್ ಮೊದಲಿನ ನೀರೇ ಬಿಟ್ರು. ಇವ್ರೆಲ್ಲ ಒಂದೇ ಕಡೆಯವ್ರಲ್ಲ, ಆ ಗಡಿಬಿಡಿಯಲ್ಲೇ ಒಟ್ಟಾದವ್ರು. ಸೆಂಟರ್ ಅಂದ್ರೆ ಈ ಒಟ್ಟಾಗುವ ಕೆಲಸ ಮೊದಲೇ ಮಾಡಿ ಇಡುವುದು.

ನಾರ್ತ್ ಕೆರೊಲಿನಾದಲ್ಲಿರುವ ಎನ್‌ಐಇಎಚ್‌ಎಸ್, ಅಂದ್ರೆ ಪರಿಸರದಿಂದ ಆರೋಗ್ಯಕ್ಕೆ ಎಂತ ಆಗ್ತದೆ ಅಂತ ನೋಡುವ ಸರಕಾರಿ ಸಂಸ್ಥೆ, ಬೇರೆ ಬೇರೆ ಯೂನಿವರ್ಸಿಟಿಗಳ ಇಂಥ ಕೋರ್ ಸೆಂಟರಿಗೆ ದುಡ್ಡು ಕೊಡ್ತದೆ. ಒಂದೇ ಲ್ಯಾಬಿಗೆ ತೆಗೊಳ್ಲಿಕ್ಕೆ ಆಗದ ಮೆಷಿನು ಎಲ್ಲರಿಗೂ ಸಿಗ್ತದೆ, ಲೆಕ್ಕಕ್ಕೆ ಸ್ಟ್ಯಾಟಿಸ್ಟಿಕ್ಸಿನವ್ರು ಇರ್ತಾರೆ, ಹೊಸ ಐಡಿಯಾ ಪರೀಕ್ಷೆ ಮಾಡ್ಲಿಕ್ಕೆ ಸಣ್ಣ ಫಂಡ್ ಉಂಟು. ನಂಗೆ ಎಲ್ಲಕ್ಕಿಂತ ಮುಖ್ಯ ಕಾಣುವುದು, ಊರಿನವ್ರ ಹತ್ರ ಹೋಗಿ ಮಾತಾಡ್ಲಿಕ್ಕೇ ಅಂತ ಒಂದು ಟೀಮು ಇರ್ತದೆ.

ಒಪ್ಪುವ ಮೊದಲು ಗೈಡಿಗೆ ಮೈಲ್ ಹಾಕಿ ಕೇಳು, ಅವ್ರು ಸೆಂಟರಿನ ಮೆಂಬರಾ, ಆ ಟೀಮಲ್ಲಿ ಸ್ಟೂಡೆಂಟ್ಸಿಗೆ ಜಾಗ ಉಂಟಾ ಅಂತ. ಇಲ್ಲ ಅಂದ್ರೆ ಅದೇ ಯೂನಿವರ್ಸಿಟಿಯಲ್ಲಿ ಬೇರೆ ಗೈಡ್ ಹುಡುಕು.