ದಿನಕ್ಕೆ ನಲವತ್ತು ಪದ ಮತ್ತು ಕನ್ನಂಬಾಡಿ ಕಟ್ಟೆ

ಹುಡುಗನ ಹೆಸರು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಶಿವು ಅಂತ ಕರೆಯೋಣ. ವಯಸ್ಸು 23, ಮಂಡ್ಯ ಕಡೆಯ ರೈತರ ಮನೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಓದುತ್ತಿದ್ದ. 2025ರ ಜೂನ್‌ನಲ್ಲಿ ಆಪ್ತ ಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಇಂಗ್ಲಿಷ್ ಪದ ತಲೆಗೆ ಹತ್ತುತ್ತಿಲ್ಲ ಅನ್ನೋ ಚಿಂತೆ ಹೊರಗೆ ಬಿದ್ದಿದ್ದು ಅರ್ಧ ಗಂಟೆ ಕಳೆದ ಮೇಲೆ. (ಬನ್ನಿ ಹೋಗಿ ಅನ್ಬೇಡಿ ಮೇಡಂ, ನಿಮ್ಮ ಮಗನ ವಯಸ್ಸು ಅಂದಿದ್ದರಿಂದ ಏಕವಚನ.)

ಬ್ಯಾಗಿನಿಂದ ಮೂರು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ದಿನಕ್ಕೆ 40 ಪದ. ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದೋದು, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯೋದು, ಎಡಗಡೆ ಇಂಗ್ಲಿಷ್ ಬಲಗಡೆ ಕನ್ನಡ ಬರೆದು ಉರು ಹೊಡೆಯೋದು. ಯಾವುದೋ ವಿಡಿಯೋದಲ್ಲಿ ಹಾಗೆ ಹೇಳಿದ್ದರಂತೆ. ಅಕ್ಷರ ಮಾತ್ರ ಮುದ್ದಾಗಿತ್ತು, ತಲೆಬರಹಕ್ಕೆ ಕೆಂಪು ಇಂಕು ಬೇರೆ.

"ಬೆಳಿಗ್ಗೆ ಬರೆದಿದ್ದು ಸಾಯಂಕಾಲಕ್ಕೆ ಒಂದೂ ಇರಲ್ಲ ಮೇಡಂ. ಈಗೀಗ ಆ ಪುಟ ತೆಗೆದ್ರೇನೇ ಎದೆ ಡವಡವ ಅನ್ನುತ್ತೆ. ಅಪ್ಪ ಫೋನ್ ಮಾಡಿದ್ರೆ ಎತ್ತಲ್ಲ. ನನ್ನ ತಲೇನೇ ಸರಿ ಇಲ್ಲ ಅನ್ಸುತ್ತೆ."

ನೋಟ್‌ಬುಕ್ ತೆರೆದು ಸುಮ್ನೆ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಎಡಗಡೆ ಅನ್‌ಪ್ರೆಸಿಡೆಂಟೆಡ್, ಬಲಗಡೆ ಅಭೂತಪೂರ್ವ. ಸರಿ, ಅಭೂತಪೂರ್ವ ಅಂದ್ರೇನು ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಿದ, ನೋಟ್‌ಬುಕ್ ನೋಡಿದ. "ತುಂಬಾ ಚೆನ್ನಾಗಿರೋದು?" ಅಂದ.

ನೋಡಿ, ಅಲ್ಲೇ ಇತ್ತು ಗಂಟು. ತನ್ನದಲ್ಲದ ಇಂಗ್ಲಿಷ್ ಪದವನ್ನು ತನ್ನದಲ್ಲದ ಕನ್ನಡ ಪದಕ್ಕೆ ಕಟ್ಟುತ್ತಿದ್ದ, ಎರಡೂ ಸೇರಿ ಮುಳುಗುತ್ತಿದ್ದವು. ಇದಕ್ಕೆ ತಲೆಯನ್ನು ಬೈದು ಏನು ಪ್ರಯೋಜನ? 2020ರ ಮಾರ್ಚ್‌ನಲ್ಲಿ ದೇಶದ ಪ್ಯಾಸೆಂಜರ್ ರೈಲೆಲ್ಲ ನಿಂತವಲ್ಲ, ಅದಕ್ಕಿಂತ ಹಿಂದೆ ಯಾವತ್ತಾದರೂ ಹಾಗಾಗಿತ್ತಾ ಅಂತ ಕೇಳಿದೆ. ಇಲ್ಲ ಅಂದ. ಅದೇ ಅನ್‌ಪ್ರೆಸಿಡೆಂಟೆಡ್, ಹಿಂದೆ ಒಂದು ಸಲವೂ ಆಗದೇ ಇರೋದು, ಒಳ್ಳೇದೂ ಇರಬಹುದು ಕೆಟ್ಟದ್ದೂ ಇರಬಹುದು ಅಂದೆ. ಬರೆದುಕೊಳ್ಳೋಕೆ ಪೆನ್ ಎತ್ತಿದ. ಬೇಡ, ಇಡು ಅಂದೆ.

ವಾತಾವರಣ ಸ್ವಲ್ಪ ಹಗುರ ಮಾಡೋಣ ಅಂತ ಊರ ಕಡೆ ಮಳೆ ಹೇಗೆ ಅಂದೆ ಅಷ್ಟೇ. ಹುಡುಗ ನೆಟ್ಟಗೆ ಕೂತ. ಕನ್ನಂಬಾಡಿ ಕಟ್ಟೆ ಈ ಸಲ ಬೇಗ ತುಂಬುತ್ತೆ ಮೇಡಂ ಅಂತ ಶುರು ಮಾಡಿದವನು ಕೆಆರ್‌ಎಸ್ ಪೂರ್ತಿ ಮಟ್ಟ 124.80 ಅಡಿ, ಹಿಡಿಯೋದು 49 ಟಿಎಂಸಿಗೆ ಸ್ವಲ್ಪ ಜಾಸ್ತಿ, ಈಗ ಇನ್‌ಫ್ಲೋ ಎಷ್ಟು, ಔಟ್‌ಫ್ಲೋ ಎಷ್ಟು, ಅದೂ ಇವತ್ತಿನದ್ದು, ಎಲ್ಲ ಉಸಿರು ಬಿಡದೆ ಹೇಳಿದ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು ಅಂತ ನನಗೇ ಪಾಠ. ಇದನ್ನೆಲ್ಲ ಯಾವ ನೋಟ್‌ಬುಕ್‌ನಲ್ಲಿ ಬರೆದು ಕಲಿತೆ ಅಂತ ಕೇಳಿದೆ. ನಕ್ಕ. ಬಂದ ಮೇಲೆ ಮೊದಲ ಸಲ.

ಅವನಿಗೆ ಕೊಟ್ಟ ಸಲಹೆ ಅಲ್ಲಿಂದಲೇ ಹುಟ್ಟಿದ್ದು. ಮೂರು ನೋಟ್‌ಬುಕ್ ಕಟ್ಟಿ ಅಟ್ಟಕ್ಕೆ ಹಾಕು. ಒಂದು ತಿಂಗಳು ಒಂದೇ ವಿಷಯ, ಅದೂ ನಿನಗೆ ಮೊದಲೇ ಗೊತ್ತಿರೋದು: ಕಾವೇರಿ. ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಸುದ್ದಿ ಓದು, ಆಮೇಲೆ ಅದೇ ಸುದ್ದಿ ಇಂಗ್ಲಿಷ್ ಪೇಪರಿನಲ್ಲಿ. ಸಂಪಾದಕೀಯ ಸದ್ಯಕ್ಕೆ ಮುಟ್ಟಲೇಬೇಡ, ಅದು ಕೊನೆಗೆ ಓದೋ ಪುಟ. ದಿನಕ್ಕೆ ಮೂರು ಪದ ಸಾಕು, ಬಲಗಡೆ ಅರ್ಥ ಬರೆಯಬೇಡ, ನಿಮ್ಮೂರಿನ ಒಂದು ವಾಕ್ಯ ಬರೆ. ಮಾರನೇ ದಿನ ಒಂದು ಸಲ, ವಾರ ಬಿಟ್ಟು ಒಂದು ಸಲ ಆ ವಾಕ್ಯ ಮುಚ್ಚಿಟ್ಟು ನೆನಪಿಸಿಕೊ. ಮರೆತಿದ್ದರೆ ಮರೆತಿತ್ತು, ಮತ್ತೆ ನೋಡು.

ಎರಡನೇ ವಾರ ಬಂದಾಗ ಮುಖದಲ್ಲಿ ಏನೋ ಕಳೆ. "ಮೇಡಂ, ಅವಾರ್ಡ್ ಅಂದ್ರೆ ಪ್ರಶಸ್ತಿ ಅಂತ ಬರ್ಕೊಂಡಿದ್ದೆ. ಕಾವೇರಿ ಟ್ರಿಬ್ಯೂನಲ್ 2007ರಲ್ಲಿ ಫೈನಲ್ ಅವಾರ್ಡ್ ಕೊಡ್ತು ಅಂತ ಇತ್ತು. ಯಾರಿಗಪ್ಪಾ ಪ್ರಶಸ್ತಿ ಅಂದ್ಕೊಂಡೆ. ಆಮೇಲೆ ಹೊಳೀತು, ಐತೀರ್ಪು!" ಆ ಪದ ಅವನು ಚಿಕ್ಕಂದಿನಿಂದ ಟೀ ಅಂಗಡಿಯಲ್ಲಿ ಕೇಳಿದ್ದು. ರಿಲೀಸ್ ಕೂಡ ಹಾಗೇ. ಸಿನಿಮಾ ರಿಲೀಸ್ ಗೊತ್ತಿತ್ತು, ಜೈಲಿನಿಂದ ರಿಲೀಸ್ ಗೊತ್ತಿತ್ತು, ತಮಿಳುನಾಡಿಗೆ ನೀರು ರಿಲೀಸ್ ಅಂತೂ ಹೊಟ್ಟೆ ಉರಿಯೋ ಹಾಗೆ ಗೊತ್ತಿತ್ತು. ಮೂರೂ ಒಂದೇ ಪದ, ಹಿಡಿದಿಟ್ಟಿದ್ದನ್ನು ಬಿಡೋದು ಅಂತ ಈಗ ಕಂಡಿತು. ಡಿಸ್ಟ್ರೆಸ್ ಅನ್ನೋದಕ್ಕೆ ಅವನು ಬರೆದ ವಾಕ್ಯ ಮಾತ್ರ ನನ್ನನ್ನು ಸುಮ್ಮನಾಗಿಸಿತು. ಮಳೆ ಕೈಕೊಟ್ಟ ವರ್ಷದ ಹೆಸರು ಅದು, ಸಂಕಷ್ಟದ ವರ್ಷ. ಅವನು ಬರೆದಿದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: ಆ ವರ್ಷ ಅಪ್ಪ ಕಬ್ಬು ಹಾಕಲಿಲ್ಲ, ನನ್ನ ಫೀಸು ಅಮ್ಮನ ಕಿವಿಯೋಲೆಯಿಂದ ಬಂತು. ಆ ದಿನ ಪದಗಳ ವಿಷಯ ಅಲ್ಲಿಗೇ ಬಿಟ್ಟು ಅಪ್ಪನ ವಿಷಯ ಮಾತಾಡಿದೆವು. ಫೋನ್ ಯಾಕೆ ಎತ್ತಲ್ಲ ಅನ್ನೋದಕ್ಕೆ ಉತ್ತರ ಅದರಲ್ಲೇ ಇತ್ತಲ್ಲ. ಅಪ್ಪನಿಗೆ ದಿನಾ ಒಂದು ಕಾಲ್ ಮಾಡು, ಓದಿನ ಮಾತೇ ಬೇಡ, ಕಟ್ಟೆ ಎಷ್ಟಾಯ್ತು ಅಂತ ಕೇಳು ಸಾಕು ಅಂದೆ. ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚೋದು, ಸಾಯಂಕಾಲದ ಮೇಲೆ ಕಾಫಿ ಬೇಡ ಅನ್ನೋದೂ ಆಯ್ತು. ತೀರಾ ಸಂಕಟ ಆದರೆ, ನಾನು ಸಿಗದೇ ಇದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡು, ಕನ್ನಡದಲ್ಲೇ ಮಾತಾಡಬಹುದು ಅಂತ ನಂಬರ್ ಬರೆದುಕೊಟ್ಟೆ.

ಮುಂದಿನ ತಿಂಗಳ ವಿಷಯ ಅವನೇ ಆರಿಸಿದ. ಲೇಖಕಿ ಬಾನು ಮುಷ್ತಾಕ್ ಅವರಿಗೆ ಆ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂದಿತ್ತು, ನಮ್ಮ ಪಕ್ಕದ ಹಾಸನದೋರು ಅಂತ ಅವನಿಗೆ ಹೆಮ್ಮೆ. ಲಾಂಗ್‌ಲಿಸ್ಟ್, ಶಾರ್ಟ್‌ಲಿಸ್ಟ್, ಜ್ಯೂರಿ, ಸುಲಭವಾಗಿ ಬಂದವು. ಅವರ ಕಥೆಗಳ ಅನುವಾದಕಿ ದೀಪಾ ಭಾಸ್ತಿ ಕನ್ನಡ ಪದಗಳನ್ನು ಇಂಗ್ಲಿಷ್ ಪುಟದಲ್ಲಿ ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಹಾಗೇ ಬಿಟ್ಟಿದ್ದಾರೆ ಅಂತ ಓದಿ ಬಂದು, "ಹಂಗಾದ್ರೆ ಅವರೂ ನಮ್ಮ ಪದ ಕಲೀಬೇಕಾ ಮೇಡಂ?" ಅಂತ ಕೇಳಿದ. ಕಲೀಲಿ ಬಿಡು ಅಂದೆ.

ಒಂದು ಮಾತು ಅವನಿಗೆ ನೇರವಾಗಿ ಹೇಳಿದ್ದೆ, ಇಲ್ಲೂ ಹೇಳುತ್ತೇನೆ. ಪ್ರಿಲಿಮ್ಸ್‌ನಲ್ಲಿ, ಅಂದ್ರೆ ಮೊದಲ ಹಂತದ ಪರೀಕ್ಷೆಯಲ್ಲಿ, ಇಂಗ್ಲಿಷಿಗೆ ಸಿಗೋದು 20 ನಿಮಿಷ. ಸುದ್ದಿ ಓದಿದರೆ ಪ್ಯಾಸೇಜು ಬೇಗ ಅರ್ಥ ಆಗುತ್ತೆ, ಖಾಲಿ ಜಾಗ ತುಂಬೋದೂ ಬರುತ್ತೆ, ಆದರೆ ವ್ಯಾಕರಣದ ತಪ್ಪು ಹುಡುಕೋದಕ್ಕೆ ಬೇರೆ ಅಭ್ಯಾಸವೇ ಬೇಕು, ಮಾಕ್ ಟೆಸ್ಟ್ ಬರೆಯಲೇಬೇಕು. ಪೇಪರ್ ಓದಿದರೆ ಎಲ್ಲ ಆಗುತ್ತೆ ಅನ್ನೋರನ್ನ ನಾನು ನಂಬಲ್ಲ.

ಜೂನ್ ಕೊನೆಗೇ ಕಟ್ಟೆ ತುಂಬಿ ಮುಖ್ಯಮಂತ್ರಿ ಬಾಗಿನ ಕೊಟ್ಟ ದಿನ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ, ಪೂರ್ತಿ ಇಂಗ್ಲಿಷಿನಲ್ಲಿ. "ಡ್ಯಾಮ್ ಈಸ್ ಫುಲ್ ಮೇಡಂ, ಮೈ ಫಾದರ್ ಈಸ್ ಆಲ್ಸೋ ಫುಲ್ ಹ್ಯಾಪಿ." ತಿದ್ದೋಕೆ ಹೋಗಲಿಲ್ಲ.

ಆ ಸಲದ ಪ್ರಿಲಿಮ್ಸ್ ಪಾಸಾಗಲಿಲ್ಲ. ಇಂಗ್ಲಿಷಿನಲ್ಲಿ ಕಟಾಫ್ ದಾಟಿದ್ದ, ಲೆಕ್ಕದಲ್ಲಿ ಬಿದ್ದ. ಫಲಿತಾಂಶ ಬಂದ ಸಂಜೆ ಫೋನ್ ಮಾಡಿ, ಮೊದಲು ಅಪ್ಪನಿಗೆ ಹೇಳಿ ಆಮೇಲೆ ನಿಮಗೆ ಮಾಡ್ತಿದೀನಿ ಅಂದ. ಮ್ಯಾಥ್ಸ್ ನೋಟ್‌ಬುಕ್ ತಗೊಂಡು ಬರ್ಲಾ ಮೇಡಂ ಅಂತ ಕೇಳಿದ. ಅದಕ್ಕೆ ಬೇರೆ ಯಾರನ್ನಾದರೂ ಹುಡುಕಪ್ಪ, ನನಗೂ ಅದು ಬರಲ್ಲ ಅಂದೆ.